ಮೋಟಾರಿನ ಕುಲಾವಿ

ಇಂಗ್ಲಿಷಿನಲ್ಲಿ ಬಾನೆಟ್ ಎಂದರೆ ಮೊದಲಿಗೆ ತಲೆಗೆ ಹಾಕಿ ಗಲ್ಲದ ಕೆಳಗೆ ಲಾಡಿ ಕಟ್ಟುವ ಟೋಪಿ. ನಮ್ಮ ಎಳೆಗೂಸುಗಳ ಕುಲಾವಿಯೇ ಎನ್ನಿ. ಮೋಟಾರಿನ ಎಂಜಿನ್ನಿನ ಮೇಲೆ ಮುಚ್ಚುವ ತಗಡಿಗೆ ಇಂಗ್ಲೆಂಡಿನವರು ಈ ಹೆಸರನ್ನಿಟ್ಟರು. ಅಮೆರಿಕದವರು ಅದನ್ನೇ ಹುಡ್ ಎಂದು ಕರೆದರು. ಇಂಗ್ಲೆಂಡಿನವರಿಗಾದರೋ ಹುಡ್ ಎಂದರೆ ಮಡಿಚಿ ಹಿಂದಕ್ಕೆ ಸರಿಸುವ ಕ್ಯಾನ್‌ವಾಸಿನ ಮಾಡು. ನಾವು ಇಂಗ್ಲೆಂಡಿನವರ ಕೈಕೆಳಗಿದ್ದವರಾದ್ದರಿಂದ ಎರಡು ಮಾತುಗಳನ್ನೂ ಅವರ ಅರ್ಥದಲ್ಲಿಯೇ ಉಳಿಸಿಕೊಂಡೆವು. ಅಮೆರಿಕದ ಕಾರಿನ ಕೈಪಿಡಿಯಲ್ಲಿ ‘ಹುಡ್ ಸ್ಪ್ರಿಂಗು’ ಎಂದು ಓದಿದ ನಮ್ಮವನೊಬ್ಬ ಗಾಡಿಯ ನೆತ್ತಿಯಲ್ಲಿ ಸ್ಪ್ರಿಂಗನ್ನು ಹುಡುಕಿದರೆ ಅವನನ್ನು ನಗುವಂತಿಲ್ಲ.

ಮಾತಿನ ಗೊಂದಲ ಇಷ್ಟಕ್ಕೇ ಮುಗಿಯುವುದಿಲ್ಲ. ಮೈಸೂರು ಕಡೆಯವರು ಕೀಲು ಎನ್ನುವುದನ್ನು ಹುಬ್ಬಳ್ಳಿ, ಮುಂಡಗೋಡದ ಕಡೆ ಬಿಜಾಗರಿ ಎನ್ನುತ್ತಾರೆ. ಅದು ಮರಾಠಿಯಿಂದ ಬಂದದ್ದು. ಗಾಡಿಯ ಅಡಿಯ ಪಟ್ಟಿ ಸ್ಪ್ರಿಂಗು ಕಮಾನು, ಅದು ಪಾರಸಿ. ಉತ್ತರ ಕನ್ನಡ ಜಿಲ್ಲೆ 1862ರಲ್ಲಿ ಮದರಾಸಿನಿಂದ ಮುಂಬಯಿ ಇಲಾಖೆಗೆ ಸೇರಿತು. 1956ರ ನವೆಂಬರ್ 1ರವರೆಗೆ ಅಲ್ಲಿಯೇ ಇತ್ತು. ಮೋಟಾರು, ಅದರ ಬಿಡಿಭಾಗ, ಅದರ ಮಾತು, ಮೂರೂ ಮುಂಬಯಿಯ ದಾರಿಯಿಂದಲೇ ಈ ಸೀಮೆಗೆ ಇಳಿದು ಬಂದುವು.

ಎರಡು ವರ್ಷಗಳ ಹಿಂದೆ, ಚಳಿಗಾಲದಲ್ಲಿ, ಮುಂಡಗೋಡ ತಾಲೂಕಿನ ಅತ್ತಿವೇರಿಯ ಪಕ್ಷಿಧಾಮವನ್ನು ನೋಡಿಕೊಂಡು ಬರುತ್ತಿದ್ದೆ. ದಾರಿಯ ಬದಿಯ ತಗಡಿನ ಚಪ್ಪರದಲ್ಲಿ ಹಳೆಯ ಶೆವರ್ಲೆಯೊಂದು ಬಾಯಿ ತೆರೆದು ನಿಂತಿತ್ತು. ಬಾನೆಟ್ಟಿಗೆ ಅಡಿಕೆಯ ದಬ್ಬೆಯ ಊರೆ. ‘ಸ್ಪ್ರಿಂಗು ಸತ್ತೈತ್ರೀ, ಕೈ ಬಿಟ್ಟರ ಕುತ್ತಿಗಿ ಮ್ಯಾಲೆ ಬೀಳ್ತೈತಿ’ ಎಂದ ಮೇಸ್ತ್ರಿ. ಹೆಬ್ಬಾಗಿಲಿನಷ್ಟು ಭಾರದ ಉಕ್ಕಿನ ತಗಡು ಅದು. ಅವನು ಉತ್ಪ್ರೇಕ್ಷೆ ಮಾಡುತ್ತಿರಲಿಲ್ಲ.

ಮೊದಲ ಕಾಲದ ಮೋಟಾರುಗಳಿಗೆ ಈ ತೊಡಕೇ ಇರಲಿಲ್ಲ. 1908ರಿಂದ 1927ರವರೆಗೆ ತಯಾರಾದ ಫೋರ್ಡರ ‘ಟಿ’ ಮಾದರಿಯಲ್ಲಿ ಬಾನೆಟ್ಟಿನ ನಡುಬೆನ್ನಿಗೆ ಉದ್ದನೆಯ ಬಿಜಾಗರಿ. ಎಡಬಲದ ರೆಕ್ಕೆಗಳು ಚಿಟ್ಟೆಯ ಹಾಗೆ ಮೇಲೇಳುವುವು. ಬೇಡವಾದರೆ ಇಡಿಯಾಗಿ ಎತ್ತಿ ನೆಲದ ಮೇಲೆ ಇಡಬಹುದು. ಮುಂದೆ ಗಾಡಿಯ ಮೂತಿ ಅಗಲವಾಯಿತು, ಬಾನೆಟ್ಟು ಒಂದೇ ತುಂಡಾಯಿತು, ಬಿಜಾಗರಿ ಗಾಜಿನ ಬುಡಕ್ಕೆ ಸರಿಯಿತು. ಅಮೆರಿಕದವರು ಇದನ್ನು ಮೊಸಳೆಯ ಬಾಯಿ ಎಂದು ಕರೆದರು. ದಾಂಡೇಲಿಯ ಕಾಳಿ ನದಿಯ ದಂಡೆಯಲ್ಲಿ ಬಿಸಿಲು ಕಾಯಿಸುವ ಪ್ರಾಣಿಯನ್ನು ಕಂಡವರಿಗೆ ಆ ಹೆಸರು ತಟ್ಟನೆ ಒಪ್ಪಿಗೆಯಾದೀತು. ಮೊಸಳೆಯ ಬಾಯನ್ನು ತೆರೆದು ನಿಲ್ಲಿಸಲು ಎರಡೂ ಬಿಜಾಗರಿಗಳಿಗೆ ಒಂದೊಂದು ಗಟ್ಟಿ ಸುರುಳಿ ಸ್ಪ್ರಿಂಗು ಬೇಕಾಯಿತು. ಬಾನೆಟ್ಟು ಮುಚ್ಚಿದಾಗ ಅದು ಎಳೆದುಕೊಂಡಿರುತ್ತದೆ. ಎತ್ತಲು ತೊಡಗಿದರೆ ಒಂದು ಹಂತ ದಾಟಿದೊಡನೆ ತಾನೇ ಕುಗ್ಗುತ್ತ ಭಾರವನ್ನು ಹೊರುತ್ತದೆ. ಜೀಪಿಗೆ ಈ ವೈಭವವಿಲ್ಲ. ಅದರ ಬಾನೆಟ್ಟನ್ನು ಹಿಂದಕ್ಕೆ ಮಗುಚಿ ಗಾಜಿನ ಚೌಕಟ್ಟಿಗೆ ಒರಗಿಸಿದರಾಯಿತು. ಕಾಡಿನವರಿಗೆ ಜೀಪು ಒಗ್ಗಿದುದರಲ್ಲಿ ಇಂಥ ಸಣ್ಣ ಕಾರಣಗಳೂ ಸೇರಿರಬೇಕೆಂದು ನನ್ನ ಎಣಿಕೆ.

ಆ ಶೆವರ್ಲೆಗೆ ಹೊಸ ಸ್ಪ್ರಿಂಗು ಅಂಗಡಿಯಲ್ಲಿ ಏಕೆ ಸಿಗದು? ಇದಕ್ಕೆ ಉತ್ತರ ಚರಿತ್ರೆಯಲ್ಲಿದೆ. ಜನರಲ್ ಮೋಟಾರ್ಸಿನವರು 1928ರಿಂದ ಮುಂಬಯಿಯಲ್ಲಿ ಶೆವರ್ಲೆಗಳನ್ನು ಜೋಡಿಸುತ್ತಿದ್ದರು. ಜೋಡಿಸುತ್ತಿದ್ದರು ಎಂಬ ಮಾತನ್ನು ಓದುಗರು ಗಮನಿಸಬೇಕು. ಭಾಗಗಳು ಪೆಟ್ಟಿಗೆಗಳಲ್ಲಿ ಹಡಗಿನಿಂದ ಇಳಿಯುತ್ತಿದ್ದುವು, ಇಲ್ಲಿ ಬೋಲ್ಟು ಬಿಗಿಯುವುದಷ್ಟೇ ಕೆಲಸ. 1953ರಲ್ಲಿ ಸುಂಕ ಆಯೋಗವು, ಭಾಗಗಳನ್ನು ಇಲ್ಲಿಯೇ ತಯಾರಿಸುವ ಯೋಜನೆಯುಳ್ಳವರಿಗೆ ಮಾತ್ರ ಅವಕಾಶವಿರಲಿ ಎಂದಿತು. ಫೋರ್ಡು, ಜನರಲ್ ಮೋಟಾರ್ಸ್ ಎರಡೂ 1954ರ ಹೊತ್ತಿಗೆ ಗಂಟುಮೂಟೆ ಕಟ್ಟಿದುವು. ಆ ನೀತಿಯನ್ನು ನಾನು ತಪ್ಪೆನ್ನಲಾರೆ. ಆದರೆ ಅಂದು ರಸ್ತೆಯ ಮೇಲಿದ್ದ ಸಾವಿರಾರು ಗಾಡಿಗಳು ಒಮ್ಮೆಲೇ ತಬ್ಬಲಿಗಳಾದುದೂ ನಿಜ.

ಇದಕ್ಕಿಂತ ಹಿಂದಿನ ಕಥೆ ನಮ್ಮ ಬೆಂಗಳೂರಿನದು. ಎಪ್ಪತ್ತು ದಾಟಿದ್ದ ಸರ್ ಎಂ. ವಿಶ್ವೇಶ್ವರಯ್ಯನವರು 1935ರಲ್ಲಿ ಯೂರೋಪು ಅಮೆರಿಕಗಳನ್ನು ಸುತ್ತಿ ಮೋಟಾರು ಕಾರ್ಖಾನೆಗಳನ್ನು ಅಭ್ಯಾಸಮಾಡಿ ಯೋಜನೆಯೊಂದನ್ನು ಸಿದ್ಧಪಡಿಸಿದರು. ಉದ್ಯಮಿ ವಾಲಚಂದ್ ಹೀರಾಚಂದರು ಅದನ್ನು ಕೈಗೆತ್ತಿಕೊಂಡರು. ಮೈಸೂರು ಸರ್ಕಾರ ಪಾಲುಗೊಳ್ಳಲು ಸಿದ್ಧವಿತ್ತು. ಬ್ರಿಟಿಷ್ ಸರ್ಕಾರ ಅಡ್ಡಬಂದಿತು. ಅದೇ ವಾಲಚಂದರು, ಅದೇ ಮೈಸೂರು ಸರ್ಕಾರದೊಡನೆ, 1940ರ ಡಿಸೆಂಬರಿನಲ್ಲಿ ಬೆಂಗಳೂರಿನಲ್ಲಿ ವಿಮಾನದ ಕಾರ್ಖಾನೆಯನ್ನು ಸ್ಥಾಪಿಸಿದರು. ಯುದ್ಧಕ್ಕೆ ವಿಮಾನ ಬೇಕಾಗಿತ್ತು, ಪ್ರಜೆಗಳಿಗೆ ಮೋಟಾರು ಬೇಕಿರಲಿಲ್ಲ! ವಾಲಚಂದರ ಮೋಟಾರು ಕಂಪನಿ 1944ರಲ್ಲಿ ಹುಟ್ಟಿತು, ಆದರೆ ಮುಂಬಯಿಯಲ್ಲಿ.

ಇರಲಿ, ಚಪ್ಪರದ ಕೆಲಸವನ್ನು ನಾನು ನಿಂತು ನೋಡಿದೆ. ಮೇಸ್ತ್ರಿ ಮೊದಲು ಬಿಜಾಗರಿಯ ಸುತ್ತ ಬಾನೆಟ್ಟಿನ ತಗಡಿನ ಮೇಲೆ ಮೊಳೆಯಿಂದ ಗೆರೆ ಎಳೆದ. ಮತ್ತೆ ಕೂರಿಸುವಾಗ ಅದೇ ಜಾಗವೇ ಸಿಗಬೇಕು. ಎರಡೂ ಬದಿಯನ್ನು ಒಟ್ಟಿಗೆ ಬಿಚ್ಚಲಿಲ್ಲ. ಬಾನೆಟ್ಟನ್ನು ಅರ್ಧ ಇಳಿಸಿ, ಹಿಗ್ಗಿದ ಸುರುಳಿಯ ಸಂದುಗಳಲ್ಲಿ ಕಬ್ಬಿಣದ ಬಿಲ್ಲೆಗಳನ್ನೂ ಹಳೆಯ ನಾಣ್ಯಗಳನ್ನೂ ತುರುಕಿದ. ಮತ್ತೆ ಮೇಲೆತ್ತಿದಾಗ ಸ್ಪ್ರಿಂಗಿಗೆ ಕುಗ್ಗಲು ಎಡೆಯಿಲ್ಲ. ಕೊಕ್ಕೆಯಿಂದ ಸಲೀಸಾಗಿ ಕಳಚಿ ಬಂತು. ಹೊಸದನ್ನು ಹಾಕುವಾಗಲೂ ಇದೇ ಉಪಾಯ: ಇಕ್ಕಳದಲ್ಲಿ ಹಿಡಿದು ಒಂದು ಮಗ್ಗುಲಿಗೆ ಬಗ್ಗಿಸಿ ತೆರೆದ ಸಂದಿಗೆ ಬಿಲ್ಲೆ, ಇನ್ನೊಂದು ಮಗ್ಗುಲಿಗೆ ಬಗ್ಗಿಸಿ ಮತ್ತೆ ಬಿಲ್ಲೆ. ಕೊಕ್ಕೆಗೆ ಸಿಕ್ಕಿಸಿ ಬಾನೆಟ್ಟನ್ನು ಇಳಿಸುತ್ತ ಬಂದಂತೆ ಸುರುಳಿ ಹಿಗ್ಗಿ ಬಿಲ್ಲೆಗಳು ಸಡಿಲವಾಗುತ್ತವೆ; ಒಂದೊಂದಾಗಿ ಹೆಕ್ಕಿಕೊಳ್ಳಬೇಕು. ಬಲವಂತದಿಂದ ಸ್ಕ್ರೂಡ್ರೈವರ್ ಹಾಕಿ ಮೀಟಿದವರ ಬೆರಳೋ ಕಣ್ಣೋ ಹೋದೀತು. ಅವನು ಸ್ಪ್ರಿಂಗಿನ ಮೇಲೆ ಗೋಣಿತಟ್ಟು ಹೊದಿಸಿಯೇ ಕೈಯಿಟ್ಟ.

ಸತ್ತ ಸ್ಪ್ರಿಂಗನ್ನು ಕುಲುಮೆಯಲ್ಲಿ ಕೆಂಪಗೆ ಕಾಯಿಸಿ ಸರಿಪಡಿಸುತ್ತೇವೆ ಎನ್ನುವವರ ಮಾತನ್ನು ನಂಬಬಾರದು. ಹಾಗೆ ಕಾಯಿಸಿ ಮೆಲ್ಲನೆ ಆರಲು ಬಿಟ್ಟ ಉಕ್ಕು ಮೆತ್ತಗಾಗುತ್ತದೆ, ಹದ ಹಾರಿಹೋಗುತ್ತದೆ. ತಂತಿಯ ದಪ್ಪ, ಸುರುಳಿಯ ಅಗಲ, ಸುತ್ತುಗಳ ಎಣಿಕೆ ಇಷ್ಟನ್ನೂ ಅಳೆದು ಸ್ಪ್ರಿಂಗು ಮಾಡುವವರಿಂದ ಜೋಡಿಯಾಗಿಯೇ ಮಾಡಿಸಬೇಕು. ಒಂದನ್ನೇ ಬದಲಿಸಿದರೆ ಬಾನೆಟ್ಟು ಸೊಟ್ಟಗೆ ಏಳುತ್ತದೆ. ಬಿಜಾಗರಿಯ ರಿವೆಟ್ಟಿನ ತೂತು ಸವೆದು ಮೊಟ್ಟೆಯಾಕಾರವಾಗಿದ್ದರೆ ಹೊಸ ಸ್ಪ್ರಿಂಗು ಹಾಕಿಯೂ ಪ್ರಯೋಜನವಿಲ್ಲ. ರಿವೆಟ್ಟನ್ನು ಕೊರೆದು ತೆಗೆದು, ತೂತನ್ನು ದುಂಡಗೆ ಅಗಲಿಸಿ, ದಪ್ಪನೆಯ ಪಿನ್ನು ಕೂರಿಸಬೇಕು. ಎಣ್ಣೆ ಕಾಣದೆ ಬಿಗಿದುಕೊಂಡ ಬಿಜಾಗರಿಯ ಮೇಲೆ ಬಾನೆಟ್ಟನ್ನು ಒತ್ತಿ ಮುಚ್ಚಿದರೆ ಬಿಜಾಗರಿ ಮಣಿಯುವುದಿಲ್ಲ, ತಗಡು ಮಣಿಯುತ್ತದೆ. ಗಾಜಿನ ಬುಡದ ಹತ್ತಿರ ಬಾನೆಟ್ಟು ಗೂನುಬಿದ್ದ ಹಳೆಯ ಕಾರುಗಳಿಗೆಲ್ಲ ಇದೇ ರೋಗ.

2021ರ ಜುಲೈಯಲ್ಲಿ ಕೇಂದ್ರ ಸರ್ಕಾರ ಪುರಾತನ ವಾಹನಗಳಿಗೆಂದೇ ಹೊಸ ನಿಯಮ ಮಾಡಿತು. ಮೊದಲ ನೋಂದಣಿಯಿಂದ 50 ವರ್ಷ ದಾಟಿರಬೇಕು, ಅಡಿಗಟ್ಟು, ಮೈಕಟ್ಟು, ಎಂಜಿನ್ನು ಹೆಚ್ಚಿನ ಮಾರ್ಪಾಟಿಲ್ಲದೆ ಮೂಲರೂಪದಲ್ಲಿರಬೇಕು, ಹೊಸ ನೋಂದಣಿಗೆ 20,000 ರೂಪಾಯಿ, ದಿನಬಳಕೆಗೆ ಓಡಿಸುವಂತಿಲ್ಲ. ಬಿಜಾಗರಿಯ ಪಿನ್ನು, ಸ್ಪ್ರಿಂಗುಗಳನ್ನು ಯಾರೂ ಮೈಕಟ್ಟಿನ ಮಾರ್ಪಾಟು ಎನ್ನಲಾರರು. ಆದರೂ ಆ ಶೆವರ್ಲೆಯ ಯಜಮಾನರು ಬಿಚ್ಚಿದ ಎರಡು ಸ್ಪ್ರಿಂಗುಗಳನ್ನು ಗುಜರಿಗೆ ಹಾಕಗೊಡದೆ, ಗ್ರೀಸು ಬಳಿಸಿ ಡಿಕ್ಕಿಯಲ್ಲಿಟ್ಟುಕೊಂಡರು. ಮುಂದಿನ ಜೋಡಿಯನ್ನು ಮಾಡಿಸುವಾಗ ಅಳತೆಗೆ ಬೇಕಾಗುತ್ತದಂತೆ.