ಅಟ್ಟದ ಮೇಲಿನ ಆಟಗಳು

ತೆಂಗಿನ ಸೀಮೆಯ ಮನೆಗಳಲ್ಲಿ ಅಟ್ಟಕ್ಕಿರುವ ಮರ್ಯಾದೆ ನಡುಮನೆಗೂ ಇಲ್ಲ. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ತಾಲ್ಲೂಕುಗಳ ಯಾವ ಹಳ್ಳಿಗೆ ಹೋದರೂ ಸರಿಯೆ, ಬಲಿತ ಕಾಯಿ ಕೊಯ್ದೊಡನೆ ಅಟ್ಟ ಸೇರುತ್ತದೆ. ಎಂಟು ತಿಂಗಳಿಂದ ಒಂದು ವರ್ಷದವರೆಗೆ ಅಲ್ಲಿಯೇ ಕುಳಿತಿರುತ್ತದೆ. ಒಳಗಿನ ನೀರು ಇಂಗಿ, ತಿರುಳು ಚಿಪ್ಪನ್ನು ಬಿಟ್ಟು, ಅಲ್ಲಾಡಿಸಿದರೆ ಗಡಗಡ ಎನ್ನತೊಡಗಿದ ಮೇಲೆ ಕೆಳಗಿಳಿಸಿ ಸುಲಿಯುತ್ತಾರೆ. ಉಂಡೆ ಕೊಬ್ಬರಿ ಆಗುವ ಬಗೆ ಇದು. ಆದ್ದರಿಂದ ನಮ್ಮವರಲ್ಲಿ ಒಂದು ನಂಬಿಕೆ ಬೇರೂರಿದೆ: ಅಟ್ಟದ ಮೇಲಿಟ್ಟದ್ದು ಕೆಡುವುದಿಲ್ಲ, ಬೆಲೆ ಹೆಚ್ಚಿಸಿಕೊಂಡೇ ಕೆಳಗಿಳಿಯುತ್ತದೆ. ಈ ನಂಬಿಕೆಯಿಂದ ನಾನು ಕಳೆದುಕೊಂಡ ಒಂದು ವಸ್ತುವಿನ ವಿಷಯವನ್ನು ಹೇಳಬೇಕಾಗಿದೆ. ಅದಕ್ಕಾಗಿ ಗಣಕಯಂತ್ರದ ಹಳೆಯ ಆಟಗಳ ಚರಿತ್ರೆಯನ್ನೂ ತುಸು ಕೆದಕಬೇಕಾಗುತ್ತದೆ, ಓದುಗರು ಸಹಿಸಿಕೊಳ್ಳಬೇಕು.

ಹೋದ ವರ್ಷ ಊರಿನಲ್ಲಿ ಕಾಯಿ ಇಳಿಸುತ್ತಿದ್ದಾಗ ಅಮ್ಮ ಕರೆದು, "ನಿನ್ನ ಪ್ಲೇಟುಗಳ ಡಬ್ಬ ಇಲ್ಲೇ ಐತೆ ನೋಡಪ್ಪ, ಬೇಕೋ ಬ್ಯಾಡವೋ?" ಎಂದರು. ಬಿಸ್ಕತ್ತಿನ ತಗಡಿನ ಡಬ್ಬ. ಒಳಗೆ ಇಪ್ಪತ್ತಮೂರು ಫ್ಲಾಪಿಗಳು. ಗ್ರಾಮಫೋನಿನ ಕಾಲದ ಅಮ್ಮನಿಗೆ ಅವು ಇಂದಿಗೂ ಪ್ಲೇಟುಗಳೇ.

1995ರಲ್ಲಿ ತಿಪಟೂರಿನ ಒಂದು ಅಂಗಡಿಯ ಮಹಡಿಯ ಮೇಲೆ ಗಣಕಯಂತ್ರ ಕಲಿಸುವ ತರಗತಿಯೊಂದು ನಡೆಯುತ್ತಿತ್ತು. ನಾಲ್ಕು ಯಂತ್ರಗಳು, ಹನ್ನೆರಡು ವಿದ್ಯಾರ್ಥಿಗಳು. ಕಿಟಕಿಯಿಂದ ಬರುವ ಕೊಬ್ಬರಿಯ ವಾಸನೆ. ಡಾಸ್, ವರ್ಡ್‌ಸ್ಟಾರ್, ಲೋಟಸ್, ಫಾಕ್ಸ್‌ಪ್ರೊ ಎಂಬ ನಾಲ್ಕು ವಿದ್ಯೆಗಳನ್ನು ಕಲಿತರೆ ಬೆಂಗಳೂರಿನಲ್ಲಿ ಕೆಲಸ ಖಂಡಿತ ಎಂದು ನಮಗೆ ಹೇಳಿದ್ದರು. ಆದರೆ ಮೇಷ್ಟ್ರು ಕಾಫಿಗೆ ಇಳಿದ ಹತ್ತು ನಿಮಿಷದಲ್ಲಿ ನಾವು ಕಲಿತದ್ದೇ ಬೇರೆ. ಬೆಂಗಳೂರಿನಿಂದ ರೈಲಿನಲ್ಲಿ ಬಂದ ಯಾರದೋ ಅಂಗಿಯ ಜೇಬಿನಲ್ಲಿ ಒಂದು ಫ್ಲಾಪಿ ಇರುತ್ತಿತ್ತು. ಸಂಜೆಯ ಹೊತ್ತಿಗೆ ಅದು ಆರಾಗುತ್ತಿತ್ತು. ಮರುದಿನ ಬಸ್ಸು ಹತ್ತಿ ಹುಳಿಯಾರಿಗೂ ಹೋಗುತ್ತಿತ್ತು.

ಆಟವನ್ನು ಜೇಬಿನಲ್ಲಿ ಒಯ್ಯುವ ಈ ಪದ್ಧತಿ ನಾವು ಕಂಡುಹಿಡಿದದ್ದಲ್ಲ. 1962ರಲ್ಲಿ ಅಮೆರಿಕದ ಎಂ.ಐ.ಟಿ.ಯಲ್ಲಿ ಸ್ಟೀವ್ ರಸೆಲ್ ಮತ್ತು ಅವನ ಗೆಳೆಯರು 'ಸ್ಪೇಸ್‌ವಾರ್' ಎಂಬ ಆಟವನ್ನು ರಚಿಸಿದಾಗ, ಅದು ತೂತು ಹೊಡೆದ ಕಾಗದದ ಪಟ್ಟಿಯ ಮೇಲೆ ಒಂದು ಯಂತ್ರದಿಂದ ಇನ್ನೊಂದಕ್ಕೆ ಪಯಣಿಸಿತು. ಐ.ಬಿ.ಎಂ. ಸಂಸ್ಥೆಯ ಎಂಟು ಅಂಗುಲದ ಫ್ಲಾಪಿ ಬಂದದ್ದು 1971ರಲ್ಲಿ. ಐದೂಕಾಲು ಅಂಗುಲದ್ದು 1976ರಲ್ಲಿ. ನಮ್ಮ ಜೇಬಿಗೆ ಒಗ್ಗಿದ ಮೂರೂವರೆ ಅಂಗುಲದ ಗಟ್ಟಿ ಕವಚದ ಫ್ಲಾಪಿಯನ್ನು ಸೋನಿಯವರು 1981ರಲ್ಲಿ ತಂದರು. ಅದರ ಒಳಗಿರುವುದು ಕಬ್ಬಿಣದ ಆಕ್ಸೈಡಿನ ಲೇಪವಿರುವ ತೆಳುವಾದ ಪ್ಲಾಸ್ಟಿಕ್ ಬಿಲ್ಲೆ. ಪಕ್ಕಕ್ಕೆ 80 ವರ್ತುಲಗಳು, ವರ್ತುಲಕ್ಕೆ 18 ತುಂಡುಗಳು, ತುಂಡಿಗೆ 512 ಅಕ್ಷರಗಳು. ಎರಡು ಪಕ್ಕ ಸೇರಿ 14,74,560. ಇಂದಿನ ಒಂದು ಛಾಯಾಚಿತ್ರವೂ ಅದರಲ್ಲಿ ಹಿಡಿಸಲಾರದು. ಒಂದು ರಾಜ್ಯ, ಒಬ್ಬ ರಾಜಕುಮಾರಿ, ಕೆಳಮನೆಯ ಸೆರೆ, ಕತ್ತಿವರಸೆ ಇಷ್ಟೂ ಹಿಡಿಸುತ್ತಿದ್ದವು.

ನಾನು ಹೇಳುತ್ತಿರುವುದು 'ಪ್ರಿನ್ಸ್ ಆಫ್ ಪರ್ಷಿಯಾ' ಎಂಬ ಆಟವನ್ನು. ಜೋರ್ಡನ್ ಮೆಕ್ನರ್ ಎಂಬ ತರುಣ ಅದನ್ನು 1989ರಲ್ಲಿ ಆಪಲ್ ಯಂತ್ರಕ್ಕಾಗಿ ಬರೆದ. ಮರುವರ್ಷ ಡಾಸ್‌ಗೆ ಬಂತು. ತನ್ನ ತಮ್ಮನನ್ನು ಓಡಿಸಿ, ಹಾರಿಸಿ, ಚಿತ್ರ ತೆಗೆದು, ಅದನ್ನೇ ನೋಡಿ ರಾಜಕುಮಾರನ ನಡೆಯನ್ನು ಬರೆದನಂತೆ, ಸಂಗೀತ ತಂದೆಯದು. ಅರವತ್ತು ನಿಮಿಷದೊಳಗೆ ರಾಜಕುಮಾರಿಯನ್ನು ಬಿಡಿಸಬೇಕು. ಮೊದಲ ಹಂತ ಮುಗಿದೊಡನೆ ಅಕ್ಷರ ಬರೆದ ಔಷಧದ ಸೀಸೆಗಳ ಕೋಣೆ. ಆಟದೊಂದಿಗೆ ಬಂದ ಪುಸ್ತಕದ ಇಂಥ ಪುಟದ, ಇಂಥ ಸಾಲಿನ ಅಕ್ಷರ ಯಾವುದೋ ಅದನ್ನೇ ಕುಡಿಯಬೇಕು. ಕೊಳ್ಳದೆ ಆಡುವವರನ್ನು ತಡೆಯಲು ಮಾಡಿದ ಉಪಾಯ. ತಿಪಟೂರಿನಲ್ಲಿ ಪುಸ್ತಕ ಕಂಡವರು ಯಾರು! ಆದರೂ ಯಾರೋ ಪುಣ್ಯಾತ್ಮರು ಬೀಗ ಒಡೆದ ಪ್ರತಿಗಳೇ ನಮ್ಮಲ್ಲಿಗೆ ಬರುತ್ತಿದ್ದವು. 'ಪ್ರಿನ್ಸ್' ಎಂದು ಬೆರಳಚ್ಚಿಸಿ ಮುಂದೆ 'ಮೆಗಾಹಿಟ್' ಎಂದು ಸೇರಿಸಿದರೆ ಹಂತಗಳನ್ನು ನೆಗೆಯಬಹುದೆಂಬ ಗುಟ್ಟು ಪಾಠಕ್ಕಿಂತ ಬೇಗ ಹರಡಿತ್ತು.

ಇನ್ನೊಂದು 'ಡೇಂಜರಸ್ ಡೇವ್'. ಜಾನ್ ರೊಮೆರೊ 1988ರಲ್ಲಿ 'ಅಪ್‌ಟೈಮ್' ಎಂಬ ಪತ್ರಿಕೆಗಾಗಿ ಬರೆದದ್ದು. ಆ ಪತ್ರಿಕೆ ಕಾಗದದ ಮೇಲಲ್ಲ, ಫ್ಲಾಪಿಯ ಮೇಲೆಯೇ ಹೊರಡುತ್ತಿತ್ತೆಂಬುದು ಪತ್ರಿಕೆಯ ಓದುಗರಾದ ನಮಗೆ ಸ್ವಾರಸ್ಯದ ಸಂಗತಿ.

ನಾವು ಮಾಡಿದ್ದು ಕಳ್ಳತನವೇ, ಅದನ್ನು ಮುಚ್ಚುವುದಿಲ್ಲ. 1957ರ ಹಕ್ಕುಸ್ವಾಮ್ಯ ಕಾಯಿದೆಗೆ 1984ರ ತಿದ್ದುಪಡಿಯಲ್ಲೇ ಗಣಕದ ಪ್ರೋಗ್ರಾಮೂ ಸೇರಿತ್ತು. ಕದ್ದ ಮಾಲಿನೊಡನೆ ರೋಗವೂ ಬರುತ್ತಿತ್ತು. ಲಾಹೋರಿನ ಅಣ್ಣತಮ್ಮಂದಿರಿಬ್ಬರು 1986ರಲ್ಲಿ ಬಿಟ್ಟ 'ಬ್ರೇನ್' ಎಂಬ ವೈರಸ್ಸು ಫ್ಲಾಪಿಯಿಂದ ಫ್ಲಾಪಿಗೆ ಅಂಟಿ ಲೋಕಸಂಚಾರ ಮಾಡಿತು. 1990ರಲ್ಲಿ ನಮ್ಮ ದೇಶದಲ್ಲೇ ಕಾಣಿಸಿಕೊಂಡ 'ಜೋಶಿ' ಪ್ರತಿ ಜನವರಿ 5ರಂದು ಯಂತ್ರವನ್ನು ನಿಲ್ಲಿಸಿ, ಜೋಶಿಗೆ ಹುಟ್ಟುಹಬ್ಬದ ಶುಭಾಶಯ ಬೆರಳಚ್ಚಿಸೆಂದು ಕೇಳುತ್ತಿತ್ತು. ಇಷ್ಟು ವಿನಯವಂತ ಕಳ್ಳರೂ ಆಗ ಇದ್ದರು.

ನಮ್ಮ ತರಗತಿಯಲ್ಲಿ ತುರುವೇಕೆರೆಯಿಂದ ದಿನಾ ಬಸ್ಸಿನಲ್ಲಿ ಬರುವ ಒಬ್ಬ ಗೆಳೆಯನಿದ್ದ. ಅವನಿಗೆ ಪರ್ಷಿಯಾದ ರಾಜಕುಮಾರನ ಮೋಹ ಒಂದು ತಿಂಗಳಿಗೆ ತೀರಿತು. ಗುಡಿಯ ಜಗಲಿಕಲ್ಲಿನ ಮೇಲೆ ಗೆರೆ ಕೊರೆದು ನಾವೆಲ್ಲ ಆಡಿದ್ದ ಹುಲಿ-ಕುರಿ ಆಟವನ್ನು ಯಂತ್ರಕ್ಕೆ ಕಲಿಸಬೇಕೆಂದು ಹೊರಟ. ಜಿಡಬ್ಲ್ಯೂ-ಬೇಸಿಕ್ ಭಾಷೆಯಲ್ಲಿ ಸಾಲಿಗೊಂದು ಅಂಕಿ ಕೊಟ್ಟು ಆರು ತಿಂಗಳು ಬರೆದ. ಮೂರು ಹುಲಿ, ಹದಿನೈದು ಕುರಿ. ಪರದೆಯ ಮೇಲೆ ಕನ್ನಡ ಅಕ್ಷರ ಮೂಡದಾದ್ದರಿಂದ ಹುಲಿಗೆ ಇಂಗ್ಲಿಷಿನ ಎಚ್, ಕುರಿಗೆ ಕೆ. ಕುರಿ ನಮ್ಮದು, ಹುಲಿ ಯಂತ್ರದ್ದು. ನಾನು ಆಡಿದೆ, ನಾಲ್ಕರಲ್ಲಿ ಮೂರು ಸಲ ಸೋತೆ.

ಅವನಿಗೆ ತೃಪ್ತಿಯಿರಲಿಲ್ಲ. "ಇದನ್ನ ಯಾರಿಗೂ ಕೊಡಬೇಡ ಕಣೋ. ಹುಲಿ ಇನ್ನೂ ಸರಿಯಾಗಿ ಹಾರ್ತಾ ಇಲ್ಲ. ನಿನ್ನ ಹತ್ರ ಜೋಪಾನವಾಗಿರಲಿ" ಎಂದು ಫ್ಲಾಪಿಯನ್ನು ನನ್ನ ಕೈಗಿತ್ತ. ನಾನು ಕೊಟ್ಟ ಮಾತು ಉಳಿಸಿಕೊಂಡೆ. ಕಿಂಡಿಯ ಬಿಲ್ಲೆ ಸರಿಸಿ ಬರೆಯದಂತೆ ಬೀಗ ಹಾಕಿ, ಡಬ್ಬದಲ್ಲಿಟ್ಟು, ಅಟ್ಟಕ್ಕೇರಿಸಿದೆ. ಅವನೂ ನಾನೂ ಬೇರೆ ಬೇರೆ ಊರು, ಬೇರೆ ಬೇರೆ ಉದ್ಯೋಗ ಹಿಡಿದೆವು. 2011ರಲ್ಲಿ ಅವನು ತೀರಿಕೊಂಡ. ಸೋನಿಯವರು ಜಪಾನಿನಲ್ಲಿ ಫ್ಲಾಪಿ ಮಾರುವುದನ್ನು ನಿಲ್ಲಿಸಿದ್ದೂ ಅದೇ ವರ್ಷ.

ಡಬ್ಬವನ್ನು ಬೆಂಗಳೂರಿಗೆ ತಂದು, ಸೋದರಳಿಯನಿಂದ ಫ್ಲಾಪಿ ಓದುವ ಪೆಟ್ಟಿಗೆಯೊಂದನ್ನು ತರಿಸಿದೆ. ಕವಚದ ಬಾಗಿಲು ಸರಿಸಿ ನೋಡಿದರೆ ಬಿಲ್ಲೆಯ ಮೇಲೆ ಬಿಳಿಯ ಬೂಷ್ಟು. ಬೇಸಿಗೆಯ ಹಂಚಿನ ಕಾವು, ಮಳೆಗಾಲದ ತೇವ, ಕೆಳಗಿನ ಒಲೆಯ ಹೊಗೆ. ಕಾಯಿಯನ್ನು ಕೊಬ್ಬರಿ ಮಾಡುವ ಅದೇ ಅಟ್ಟ ಕಾಂತದ ಲೇಪವನ್ನು ತಿಂದುಹಾಕಿತ್ತು. ಇಪ್ಪತ್ತಮೂರರಲ್ಲಿ ನಾಲ್ಕು ಓದಿಸಿಕೊಂಡವು. ಗೆಳೆಯನದು ಕರಕರ ಸದ್ದು ಮಾಡಿ ಸುಮ್ಮನಾಯಿತು. ಮೂರು ದಿನ ಪ್ರಯತ್ನಿಸಿದೆವು.

ನನ್ನ ಮುಖ ಕಂಡು ಅಳಿಯ, "ಬೇಜಾರು ಮಾಡ್ಕೋಬೇಡಿ ಮಾವ, ನಿಮ್ಮ ಹಳೇ ಆಟ ಎಲ್ಲಾ ಇದರಲ್ಲಿದೆ" ಎಂದು ಹೆಬ್ಬೆರಳುದ್ದದ ಪೆನ್‌ಡ್ರೈವನ್ನು ಚುಚ್ಚಿದ. 2000ದಲ್ಲಿ ಈ ಸಾಧನ ಪೇಟೆಗೆ ಬಂದಾಗ ಎಂಟು ಮೆಗಾಬೈಟು ಹಿಡಿಸುತ್ತಿತ್ತು. ಅಳಿಯನದರಲ್ಲಿ ಮೂವತ್ತೆರಡು ಗಿಗಾಬೈಟು, ಎಂದರೆ ಇಪ್ಪತ್ತು ಸಾವಿರಕ್ಕೂ ಹೆಚ್ಚು ಫ್ಲಾಪಿಗಳಷ್ಟು. 2002ರಲ್ಲಿ ಇಬ್ಬರು ಡಚ್ಚರು ಹೊರತಂದ 'ಡಾಸ್‌ಬಾಕ್ಸ್' ಎಂಬ ಪ್ರೋಗ್ರಾಮು ಇಂದಿನ ಯಂತ್ರದೊಳಗೆ ಅಂದಿನ ಯಂತ್ರದ ವೇಷ ಕಟ್ಟುತ್ತದೆ. ಅದನ್ನೂ ಆಟಗಳನ್ನೂ ಒಂದೇ ಪೆನ್‌ಡ್ರೈವಿನಲ್ಲಿಟ್ಟರೆ ಯಾರ ಮನೆಯ ಯಂತ್ರದಲ್ಲಾದರೂ ಆಡಬಹುದು. ರಾಜಕುಮಾರ ಎದ್ದು ಓಡಿದ. ಒಂದು ಹೆಜ್ಜೆಯೂ ತಪ್ಪಿಲ್ಲ.

ಪೆನ್‌ಡ್ರೈವೇನೂ ಅಮರವಲ್ಲ. ಅದರೊಳಗಿನ ವಿದ್ಯುತ್ಕಣಗಳೂ ವರ್ಷಾಂತರದಲ್ಲಿ ಸೋರಿಹೋಗುತ್ತವೆ. ರಾಜಕುಮಾರ ಉಳಿದದ್ದು ನೂರಾರು ಊರುಗಳಲ್ಲಿ ಕಂಡಕಂಡವರೆಲ್ಲ ಪ್ರತಿಮಾಡಿದ್ದರಿಂದ. ಪೊನ್ನನ ಶಾಂತಿಪುರಾಣಕ್ಕೆ ಸಾವಿರ ಪ್ರತಿ ಬರೆಸಿ ಹಂಚಿದ ಅತ್ತಿಮಬ್ಬೆಗೆ ಈ ಸೂಕ್ಷ್ಮ ಹತ್ತನೆಯ ಶತಮಾನದಲ್ಲೇ ತಿಳಿದಿತ್ತು. ಆಕೆ ಒಂದೇ ಪ್ರತಿಯನ್ನು ರೇಷ್ಮೆಯಲ್ಲಿ ಸುತ್ತಿ ಪೆಟ್ಟಿಗೆಯಲ್ಲಿಡಲಿಲ್ಲ. ಮೆಕ್ನರನಿಗೇ ಆದದ್ದನ್ನು ನೋಡಿ. ಆಟ ಲೋಕವೆಲ್ಲ ಹರಡಿದ್ದರೂ ತಾನು ಕೈಯಾರೆ ಬರೆದ ಮೂಲ ಎಲ್ಲಿ ಹೋಯಿತೆಂದು ಅವನಿಗೆ ತಿಳಿಯದು. 2012ರಲ್ಲಿ ಅವನ ತಂದೆಯ ಮನೆಯ ಕಪಾಟಿನಲ್ಲಿ ಫ್ಲಾಪಿಗಳ ಪೆಟ್ಟಿಗೆ ಸಿಕ್ಕಿತು. ತಜ್ಞರು ಬಂದು ಹಳೆಯ ಆಪಲ್ ಯಂತ್ರ ಜೋಡಿಸಿ ಓದಿಸಿದರು. ಅವನ ಪುಣ್ಯ, ಅದು ತಿಪಟೂರಿನ ಅಟ್ಟವಾಗಿರಲಿಲ್ಲ.

ಮನಸ್ಸು ತಡೆಯದೆ ತುರುವೇಕೆರೆಗೆ ಹೋದೆ. ಗೆಳೆಯನ ತಮ್ಮ ಹಳೆಯ ಟ್ರಂಕನ್ನು ತೆಗೆದು ತೋರಿಸಿದರು. ಪುಸ್ತಕವೊಂದಕ್ಕೆ ಹೊದಿಸಿದ ರಟ್ಟಿನ ಒಳಗೆ, ಅಂಚಿನಲ್ಲಿ ತೂತುಗಳಿರುವ ಮುದ್ರಣದ ಹಾಳೆ ಕಾಣಿಸಿತು. ಎರಡು ಹಾಳೆಗಳು, ಮಾಸಿದ ಚುಕ್ಕಿಯಕ್ಷರ; ಸಾಲು 10ರಿಂದ 780ರವರೆಗೆ. ಮುಂದಿನ ಹಾಳೆಗಳಿಗಾಗಿ ಮನೆಯೆಲ್ಲ ಹುಡುಕಿದೆವು.

ಬೇಸಿಗೆಯ ರಜದಲ್ಲಿ ಅಳಿಯನೂ ನಾನೂ ಕುಳಿತು ಆ ಸಾಲುಗಳನ್ನು ಒಂದೊಂದಾಗಿ ಬೆರಳಚ್ಚಿಸಿದೆವು. ಅವನು ಅದನ್ನು ಐದು ಪೆನ್‌ಡ್ರೈವುಗಳಿಗೆ ಹಾಕಿದ. ಒಂದನ್ನು ತುರುವೇಕೆರೆಗೆ ಕಳಿಸಿದ್ದೇವೆ. ಆಟ ಶುರುಮಾಡಿದರೆ ಗೆರೆಗಳು ಮೂಡುತ್ತವೆ. ಮೂರು ಎಚ್‌ಗಳು ತಮ್ಮ ತಮ್ಮ ಜಾಗದಲ್ಲಿ ಬಂದು ಕೂರುತ್ತವೆ. ನಾನು ಮೊದಲ ಕುರಿಯನ್ನು ಇಡುತ್ತೇನೆ. ಈಗ ಹುಲಿಯ ಸರದಿ. 640ನೆಯ ಸಾಲು 1500ಕ್ಕೆ ಹೋಗೆನ್ನುತ್ತದೆ, 1500 ನಮ್ಮಲ್ಲಿಲ್ಲ.