ನೋವಿನ ಮಾತ್ರೆ ಬಂದ ದಾರಿ

ಅಡಿಗೆಮನೆಯ ಗೂಡಿನಲ್ಲಿಯೋ, ನಡುಮನೆಯ ಬೀರುವಿನ ಮೇಲೆಯೋ ಹಳೆಯ ಬಿಸ್ಕತ್ತಿನ ಡಬ್ಬಿಯೊಂದು ನಮ್ಮಲ್ಲಿ ಅನೇಕರ ಮನೆಗಳಲ್ಲಿ ಇದ್ದೇ ಇರುತ್ತದೆ. ಅದರೊಳಗೆ ತಲೆನೋವಿನ ಮುಲಾಮು, ಯಾವ ಕಾಲದ್ದೋ ವೈದ್ಯರ ಚೀಟಿ, ಕತ್ತರಿಯಿಂದ ಕತ್ತರಿಸಿದ ನಾಲ್ಕಾರು ಮಾತ್ರೆಯ ಪಟ್ಟಿಗಳು. ಅಜ್ಜಿಗೆ ಮೊಣಕಾಲು ಹಿಡಿದುಕೊಂಡರೂ, ಮಗನಿಗೆ ಹಲ್ಲು ನೋವು ಬಂದರೂ, ಮನೆಯಾಕೆಗೆ ಸೊಂಟ ನೋವು ಬಂದರೂ ಕೈ ಹೋಗುವುದು ಅದೇ ಡಬ್ಬಿಗೆ. ಆ ಪಟ್ಟಿಗಳಲ್ಲೊಂದರ ಮೇಲೆ ಬ್ರೂಫೆನ್ ಎಂದು ಬರೆದಿರಬಹುದು, ಬೇರೆ ಹೆಸರೂ ಇರಬಹುದು. ಕನ್ನಡಕ ಹಾಕಿಕೊಂಡು ಸಣ್ಣ ಅಕ್ಷರಗಳನ್ನು ಓದಿದರೆ ಅದರೊಳಗಿನ ಔಷಧದ ನಿಜವಾದ ಹೆಸರು ಕಾಣುತ್ತದೆ: ಐಬುಪ್ರೊಫೆನ್. ಈ ಮಾತ್ರೆಯು ಹುಟ್ಟಿದುದೇ ಮತ್ತೊಂದು ಮಾತ್ರೆಯಿಂದ ಹೊಟ್ಟೆ ಕೆಡುತ್ತಿದ್ದ ಕಾರಣದಿಂದ. ಆದುದರಿಂದ ಇದನ್ನು ಹೇಗೆ ತೆಗೆದುಕೊಳ್ಳಬೇಕೆಂಬ ಪ್ರಶ್ನೆಗೆ ಉತ್ತರವೂ ಬಹುಮಟ್ಟಿಗೆ ಇದರ ಚರಿತ್ರೆಯಲ್ಲಿಯೇ ಇದೆ.

ಆ ಮತ್ತೊಂದು ಮಾತ್ರೆ ಆಸ್ಪಿರಿನ್. ಅದರ ವಂಶ ಬಹಳ ಹಿಂದಕ್ಕೆ ಹೋಗುತ್ತದೆ. 1763ರಲ್ಲಿ ಇಂಗ್ಲೆಂಡಿನ ಚಿಪಿಂಗ್ ನಾರ್ಟನ್ ಎಂಬ ಊರಿನ ಪಾದ್ರಿ ಎಡ್ವರ್ಡ್ ಸ್ಟೋನ್ ಎಂಬುವರು ವಿಲ್ಲೋ ಮರದ ತೊಗಟೆಯನ್ನು ಒಣಗಿಸಿ, ಪುಡಿ ಮಾಡಿ, ಚಳಿಜ್ವರದವರಿಗೆ ಕೊಟ್ಟು, ಸುಮಾರು ಐವತ್ತು ಮಂದಿಯಲ್ಲಿ ಕಂಡ ಗುಣವನ್ನು ಲಂಡನ್ನಿನ ರಾಯಲ್ ಸೊಸೈಟಿಗೆ ಬರೆದು ತಿಳಿಸಿದರು. ಆ ತೊಗಟೆಯ ಸಾರದಿಂದ ಮೊದಲ್ಗೊಂಡು ರಸಾಯನಶಾಸ್ತ್ರಜ್ಞರು ಮೆಲ್ಲಮೆಲ್ಲನೆ ಮುಂದುವರಿದು, 1897ರಲ್ಲಿ ಜರ್ಮನಿಯ ಬಾಯರ್ ಕಂಪನಿಯಲ್ಲಿ ಆಸ್ಪಿರಿನ್ನನ್ನು ಶುದ್ಧರೂಪದಲ್ಲಿ ತಯಾರಿಸಿದರು. ಎರಡು ವರ್ಷಗಳಲ್ಲಿ ಅದು ಮಾರಾಟಕ್ಕೆ ಬಂತು. ಮುಂದಿನ ಅರ್ಧ ಶತಮಾನ ನೋವೆಂದರೆ ಆಸ್ಪಿರಿನ್, ಜ್ವರವೆಂದರೆ ಆಸ್ಪಿರಿನ್.

ತಲೆನೋವಿಗೆ ಒಂದೆರಡು ಮಾತ್ರೆ ನುಂಗುವವನಿಗೆ ಅದರಿಂದ ದೊಡ್ಡ ತೊಂದರೆಯಿರಲಿಲ್ಲ. ತೊಂದರೆಗೆ ಸಿಕ್ಕಿದವರು ಕೀಲುವಾತದ ರೋಗಿಗಳು. ಕೈಬೆರಳಿನ ಗೆಣ್ಣುಗಳು ಊದಿಕೊಂಡು, ಕೆಂಪಾಗಿ, ಬೆಳಗಿನ ಹೊತ್ತು ಲೋಟ ಹಿಡಿಯುವುದೂ ಕಷ್ಟವಾಗುವ ಬೇನೆ ಅದು. ಅದನ್ನು ಹದಕ್ಕೆ ತರಬೇಕಾದರೆ ದಿನಕ್ಕೆ ಹನ್ನೆರಡು ಹದಿನೈದು ಆಸ್ಪಿರಿನ್ ಮಾತ್ರೆಗಳು ಬೇಕಾಗುತ್ತಿದ್ದವು, ಅದೂ ವರ್ಷಗಟ್ಟಲೆ. ಕಿವಿಯಲ್ಲಿ ಗುಂಯ್ ಎನ್ನುವ ಸದ್ದು, ಎದೆಯುರಿ, ಕೆಲವರಲ್ಲಿ ರಕ್ತವಾಂತಿ. 1938ರಲ್ಲಿ ಲಂಡನ್ನಿನ ಇಬ್ಬರು ವೈದ್ಯರು ಗಂಟಲ ಮೂಲಕ ಇಳಿಬಿಟ್ಟ ದರ್ಶಕನಳಿಗೆಯಿಂದ ನೋಡಿದಾಗ, ಆಸ್ಪಿರಿನ್ ಬಿದ್ದ ಕಡೆಯಲ್ಲಿ ಜಠರದ ಒಳಪೊರೆ ಕೆಂಪೇರಿ ಕೆರಳಿದ್ದುದು ಕಣ್ಣಿಗೇ ಕಂಡಿತು. 1948ರಲ್ಲಿ ಕಾರ್ಟಿಸೋನಿನ ಪ್ರಯೋಗ ನಡೆದು, ಹಾಸಿಗೆ ಹಿಡಿದಿದ್ದವರು ಎದ್ದು ನಡೆದರೆಂಬ ಸುದ್ದಿ ಲೋಕವನ್ನೆಲ್ಲ ಬೆರಗುಗೊಳಿಸಿತು. ಆದರೆ ದೀರ್ಘಕಾಲ ಬಳಸಿದವರಲ್ಲಿ ಅದರ ದುಷ್ಪರಿಣಾಮಗಳು ಬೇಗನೆ ತಲೆದೋರಿ, ಆ ಸಂಭ್ರಮವೂ ತಗ್ಗಿತು.

ಇಂತಹ ಸಂದರ್ಭದಲ್ಲಿ ಈ ಕಥೆಯ ನಾಯಕರು ಬರುತ್ತಾರೆ. ಸ್ಟೂವರ್ಟ್ ಆಡಮ್ಸ್ ಎಂಬುವರು 1923ರಲ್ಲಿ ಇಂಗ್ಲೆಂಡಿನ ಬೈಫೀಲ್ಡ್ ಎಂಬ ಹಳ್ಳಿಯಲ್ಲಿ ಹುಟ್ಟಿದವರು. ಹದಿನಾರನೆಯ ವಯಸ್ಸಿಗೇ ಶಾಲೆ ಬಿಟ್ಟು, ಬೂಟ್ಸ್ ಕಂಪನಿಯ ಔಷಧದಂಗಡಿಯಲ್ಲಿ ಕೆಲಸ ಕಲಿಯಲು ಸೇರಿದರು. ಆಮೇಲೆ ನಾಟಿಂಗ್‌ಹ್ಯಾಮಿನಲ್ಲಿ ಔಷಧಶಾಸ್ತ್ರವನ್ನು ಓದಿ, ಲೀಡ್ಸ್ ವಿಶ್ವವಿದ್ಯಾನಿಲಯದಲ್ಲಿ ಡಾಕ್ಟರೇಟ್ ಪಡೆದು, ಅದೇ ಕಂಪನಿಗೆ ಸಂಶೋಧಕರಾಗಿ ಹಿಂದಿರುಗಿದರು. 1953ರಲ್ಲಿ ಅವರಿಗೆ ವಹಿಸಿದ ಕೆಲಸ ಇದು: ಕೀಲುವಾತಕ್ಕೆ ಆಸ್ಪಿರಿನ್ನಿನಷ್ಟು ಅಥವಾ ಅದಕ್ಕಿಂತ ಹೆಚ್ಚು ಗುಣ ಕೊಡುವ, ಆದರೆ ಹೊಟ್ಟೆಗೆ ಅಷ್ಟು ಕಾಟ ಕೊಡದ ಒಂದು ಔಷಧ.

ಕೆಲಸದ ಜಾಗವೆಂದರೆ ದೊಡ್ಡ ಪ್ರಯೋಗಾಲಯವೇನೂ ಅಲ್ಲ. ಯುದ್ಧದ ಕಾಲದ ಬಾಂಬುಗಳಿಂದ ಕಂಪನಿಯ ಕಟ್ಟಡಗಳು ಹಾಳಾಗಿದ್ದುದರಿಂದ, ಆಡಮ್ಸ್ ಅವರು ನಾಟಿಂಗ್‌ಹ್ಯಾಮಿನ ಹೊರವಲಯದ ಒಂದು ಹಳೆಯ ಮನೆಯ ಮುಂದಿನ ಕೋಣೆಯಲ್ಲಿ ಮೇಜು ಹಾಕಿಕೊಂಡರು. ಮೊದಲ ಕಷ್ಟವೇ ಅಳತೆಯದು. ಉರಿಯೂತ ತಗ್ಗಿತೆಂದು ತಿಳಿಯುವುದು ಹೇಗೆ? ಆಸ್ಪಿರಿನ್ ನೋವನ್ನು ಮಾತ್ರ ಮರೆಸುತ್ತದೆ, ಬಾವನ್ನು ಇಳಿಸುವುದಿಲ್ಲವೆಂದು ಬಹಳ ಮಂದಿ ತಿಳಿದಿದ್ದ ಕಾಲ ಅದು. ಆಡಮ್ಸ್ ಅವರ ಎಣಿಕೆ ಬೇರೆಯಾಗಿತ್ತು. ಗಿನಿಪಿಗ್ಗುಗಳ ಮೈಮೇಲಿನ ಕೂದಲನ್ನು ತೆಗೆದು, ಅತಿನೇರಿಳೆ ಬೆಳಕನ್ನು ಬಿಟ್ಟರೆ, ಸ್ವಲ್ಪ ಹೊತ್ತಿನಲ್ಲಿ ಆ ಜಾಗ ಬಿಸಿಲಿಗೆ ಸುಟ್ಟಂತೆ ಕೆಂಪಾಗುತ್ತದೆ. ಮೊದಲೇ ಔಷಧ ಕೊಟ್ಟಿದ್ದರೆ ಆ ಕೆಂಪು ತಡವಾಗಿ ಬರುತ್ತದೆಯೇ ಎಂಬುದನ್ನು ಅವರು ನೋಡಿದರು. ಆಸ್ಪಿರಿನ್ ಕೊಟ್ಟ ಪ್ರಾಣಿಗಳಲ್ಲಿ ಅದು ನಿಜವಾಗಿಯೂ ತಡವಾಯಿತು. ಅಲ್ಲಿಗೆ ತಕ್ಕಡಿ ಸಿಕ್ಕಿದಂತಾಯಿತು. ಇನ್ನು ತೂಗುವುದಕ್ಕೆ ಸರಕು ಬೇಕು.

ಸರಕು ದೊರೆತುದು ವಿಚಿತ್ರವಾದ ಕಡೆಯಿಂದ. ಹೊಲದ ಕಳೆ ಕೊಲ್ಲಲು ಬಳಸಬಹುದೆಂದು ಬೂಟ್ಸ್ ಕಂಪನಿಯವರು ಹಲವು ಆಮ್ಲಗಳನ್ನು ತಯಾರಿಸಿಟ್ಟಿದ್ದರು. ಅವುಗಳ ರಚನೆ ಆಸ್ಪಿರಿನ್ನಿನ ಮೂಲವಸ್ತುವಿಗೆ ಸ್ವಲ್ಪ ಹೋಲುತ್ತಿದ್ದುದರಿಂದ ಅವನ್ನೇ ಪರೀಕ್ಷೆಗೆ ಒಡ್ಡಿದರು. ಜಾನ್ ನಿಕೊಲ್ಸನ್ ಎಂಬ ರಸಾಯನಶಾಸ್ತ್ರಜ್ಞರು ಒಂದಾದ ಮೇಲೊಂದು ಹೊಸ ವಸ್ತುವನ್ನು ಕಟ್ಟಿಕೊಡುವುದು, ಆಡಮ್ಸ್ ಮತ್ತು ಅವರ ಸಹಾಯಕ ಕಾಲಿನ್ ಬರೋಸ್ ಅದನ್ನು ಪರೀಕ್ಷಿಸುವುದು. ಹೀಗೆ ಆರುನೂರಕ್ಕೂ ಹೆಚ್ಚು ವಸ್ತುಗಳು ಬಂದು ಹೋದವು. ರೋಗಿಗಳವರೆಗೆ ತಲುಪಿದವುಗಳೂ ಸೋತವು. ಒಂದು ಮೈಮೇಲೆ ದದ್ದು ಎಬ್ಬಿಸಿತು, ಇನ್ನೊಂದು ಗುಣವನ್ನೇ ತೋರಲಿಲ್ಲ. ಐಬುಫೆನಾಕ್ ಎಂಬುದು ಮಾರುಕಟ್ಟೆಯನ್ನೂ ಸೇರಿತು. ಆದರೆ ಅದನ್ನು ಬಳಸಿದ ಕೆಲವರಿಗೆ ಕಾಮಾಲೆ ಕಾಣಿಸಿಕೊಂಡದ್ದರಿಂದ 1968ರಲ್ಲಿ ಬ್ರಿಟನ್ನಿನಲ್ಲಿ ಅದನ್ನು ಹಿಂದಕ್ಕೆ ತೆಗೆದುಕೊಳ್ಳಬೇಕಾಯಿತು. ಐಬುಪ್ರೊಫೆನ್ ಇದೇ ಐಬುಫೆನಾಕಿನ ತಮ್ಮ. ಇವೆರಡಕ್ಕೂ ಇರುವ ವ್ಯತ್ಯಾಸ ಒಂದು ಪುಟ್ಟ ಮಿಥೈಲ್ ಗುಂಪು ಮಾತ್ರ. ಅಷ್ಟರಿಂದಲೇ ಅಣ್ಣ ಯಕೃತ್ತಿನಲ್ಲಿ ಕೂಡಿಕೊಂಡು ಕೂತರೆ ತಮ್ಮ ಬೇಗನೆ ದೇಹದಿಂದ ಹೊರಬೀಳುತ್ತಾನೆ. ಔಷಧಗಳ ವಿಷಯದಲ್ಲಿ ಹೆಸರು, ಬಣ್ಣ, ರೂಪ ನೋಡಿ ‘ಎಲ್ಲಾ ಒಂದೇ’ ಎಂದುಬಿಡುವವರು ಈ ಅಣ್ಣತಮ್ಮಂದಿರನ್ನು ನೆನೆಯಬೇಕು.

1961ರಲ್ಲಿ ಐಬುಪ್ರೊಫೆನ್ನಿಗೆ ಹಕ್ಕುಪತ್ರ ಕೋರಿದರು. ಎಡಿನ್‌ಬರೋ ನಗರದ ರೋಗಿಗಳಲ್ಲಿ ಪರೀಕ್ಷೆಗಳು ನಡೆದು, 1969ರಲ್ಲಿ ಬ್ರೂಫೆನ್ ಎಂಬ ಹೆಸರಿನಿಂದ ಬ್ರಿಟನ್ನಿನಲ್ಲಿ ವೈದ್ಯರ ಚೀಟಿಯ ಮೇಲೆ ದೊರೆಯುವ ಔಷಧವಾಯಿತು. ಕೆಲಸ ಹಿಡಿದ ದಿನದಿಂದ ಎಣಿಸಿದರೆ ಹದಿನಾರು ವರ್ಷ! ತಾವು ಕಂಡುಹಿಡಿದ ಮಾತ್ರೆಯನ್ನು ಮೊದಲು ತಾವೇ ನುಂಗಿ ನೋಡುವುದು ಆಡಮ್ಸ್ ಅವರ ಪದ್ಧತಿ. ಒಮ್ಮೆ ಮಾಸ್ಕೋ ನಗರದ ಸಮ್ಮೇಳನವೊಂದರಲ್ಲಿ ಅವರು ಭಾಷಣ ಮಾಡಬೇಕಾಗಿತ್ತು. ಹಿಂದಿನ ರಾತ್ರಿ ಗೆಳೆಯರ ಕೂಟದಲ್ಲಿ ವೋಡ್ಕಾ ಸ್ವಲ್ಪ ಜಾಸ್ತಿಯಾಗಿ, ಬೆಳಗ್ಗೆ ತಲೆ ಸಿಡಿಯುತ್ತಿತ್ತಂತೆ. 600 ಮಿಲಿಗ್ರಾಂ ಐಬುಪ್ರೊಫೆನ್ ನುಂಗಿ ವೇದಿಕೆ ಹತ್ತಿದರು, ಬಹಳ ಚೆನ್ನಾಗಿ ಕೆಲಸ ಮಾಡಿತು ಎಂದು ಮುಂದೆ ಅವರೇ ನಗುತ್ತ ಹೇಳಿಕೊಂಡಿದ್ದಾರೆ. ಕಂಡುಹಿಡಿದವರಿಗೆ ಸಲ್ಲುವ ಈ ಸಾಹಸ ನಮಗೆ ಬೇಡ. ಮದ್ಯವೂ ಈ ಮಾತ್ರೆಯೂ ಕೂಡಿದರೆ ಜಠರಕ್ಕೆ ಎರಡು ಕಡೆಯಿಂದ ಪೆಟ್ಟು.

ಇಲ್ಲಿ ಒಂದು ಸೋಜಿಗವುಂಟು. 1969ರಲ್ಲಿ ಈ ಔಷಧ ಅಂಗಡಿಗೆ ಬಂದಾಗ, ಇದು ದೇಹದಲ್ಲಿ ಹೇಗೆ ಕೆಲಸ ಮಾಡುತ್ತದೆಂಬುದು ಲೋಕದಲ್ಲಿ ಯಾರಿಗೂ ತಿಳಿದಿರಲಿಲ್ಲ. ಆಸ್ಪಿರಿನ್ನಿನದೂ ಅದೇ ಅವಸ್ಥೆ. 1971ರಲ್ಲಿ ಲಂಡನ್ನಿನ ಜಾನ್ ವೇನ್ ಅವರು ಗುಟ್ಟನ್ನು ಬಿಡಿಸಿದರು; ಅದಕ್ಕೆ 1982ರಲ್ಲಿ ಇನ್ನಿಬ್ಬರೊಡನೆ ನೊಬೆಲ್ ಬಹುಮಾನವೂ ಬಂತು. ದೇಹದ ಅಂಗಾಂಶಗಳು ಬೇಕಾದಾಗ ಬೇಕಾದಲ್ಲಿ ಪ್ರೊಸ್ಟಗ್ಲಾಂಡಿನ್ ಎಂಬ ದ್ರವ್ಯಗಳನ್ನು ಉತ್ಪತ್ತಿ ಮಾಡಿಕೊಳ್ಳುತ್ತವೆ. ಪೆಟ್ಟು ಬಿದ್ದ ಕಡೆ ಊತ, ಕೆಂಪು, ಬಿಸಿ, ನೋವು ಇವುಗಳನ್ನು ಹೆಚ್ಚಿಸುವುದರಲ್ಲಿ ಇವುಗಳ ಕೈವಾಡವಿದೆ. ಆಸ್ಪಿರಿನ್, ಐಬುಪ್ರೊಫೆನ್ ಮೊದಲಾದವು ಈ ಉತ್ಪತ್ತಿಯನ್ನೇ ತಡೆಯುತ್ತವೆ. ಆದರೆ ಅದೇ ದ್ರವ್ಯಗಳು ಜಠರದಲ್ಲಿ ಲೋಳೆಯ ಪದರವನ್ನು ಕಾಪಾಡಿ, ಹುಳಿರಸವು ಗೋಡೆಯನ್ನೇ ತಿನ್ನದಂತೆ ನೋಡಿಕೊಳ್ಳುತ್ತವೆ. ಮೈಯಲ್ಲಿ ನೀರು ಕಡಿಮೆಯಾದಾಗ ಮೂತ್ರಪಿಂಡಗಳಿಗೆ ರಕ್ತ ಹರಿಯುವ ನಾಳಗಳನ್ನು ತೆರೆದಿಡುವುದೂ ಅವುಗಳ ಕೆಲಸವೇ. ಮೊಣಕಾಲಿನಲ್ಲಿ ಬೇಡವಾದದ್ದು ಹೊಟ್ಟೆಯಲ್ಲಿ ಬೇಕು. ಮಾತ್ರೆಗೆ ಆ ವಿವೇಚನೆಯಿಲ್ಲ. ರಕ್ತದೊಡನೆ ಮೈಯೆಲ್ಲ ಸುತ್ತಿ, ಎರಡು ಕಡೆಯೂ ತಡೆಹಾಕುತ್ತದೆ.

ಇದನ್ನು ತಿಳಿದ ಮೇಲೆ ನಮ್ಮ ಮನೆಗಳ ಒಂದು ನಂಬಿಕೆಯನ್ನು ತಿದ್ದಿಕೊಳ್ಳಬೇಕಾಗುತ್ತದೆ. ಊಟವಾದ ಮೇಲೆ ನುಂಗಿದರೆ ಏನೂ ಆಗುವುದಿಲ್ಲವೆನ್ನುತ್ತಾರೆ. ಊಟದ ಮೇಲೆ ನುಂಗುವುದು ಒಳ್ಳೆಯದೇ. ಎದೆಯುರಿ, ಓಕರಿಕೆ ಕಡಿಮೆಯಾಗುತ್ತವೆ. ಆದರೆ ಹುಣ್ಣಾಗುವುದು ಮಾತ್ರೆ ಜಠರಕ್ಕೆ ತಾಗಿದ್ದರಿಂದಷ್ಟೇ ಅಲ್ಲ, ರಕ್ತಕ್ಕೆ ಸೇರಿದ ಔಷಧದಿಂದಲೂ ಹೌದು. ಅನ್ನ ಮಜ್ಜಿಗೆ ಆ ದಾರಿಯನ್ನು ಮುಚ್ಚಲಾರದು. ಹಿಂದೆ ಹುಣ್ಣಾಗಿದ್ದವರು, ಅರವತ್ತೈದು ದಾಟಿದವರು, ರಕ್ತ ತೆಳುವಾಗಿಸುವ ಔಷಧ ಅಥವಾ ಸ್ಟೀರಾಯ್ಡ್ ತೆಗೆದುಕೊಳ್ಳುವವರು ವೈದ್ಯರನ್ನು ಕೇಳದೆ ಇದನ್ನು ಮುಟ್ಟಬಾರದು. ಮಲ ಡಾಂಬರಿನಂತೆ ಕಪ್ಪಾದರೆ, ವಾಂತಿ ಕಾಫಿ ಗಸಿಯಂತೆ ಕಂಡರೆ, ಅದು ಒಳಗಿನ ರಕ್ತ. ಬೆಳಗಾಗಲೆಂದು ಕಾಯದೆ ಆಸ್ಪತ್ರೆಗೆ ಹೋಗಬೇಕು.

ಮೂತ್ರಪಿಂಡದ ವಿಷಯ ಇನ್ನೂ ಮೋಸದ್ದು, ಏಕೆಂದರೆ ಅಲ್ಲಿ ನೋವೇ ಇರುವುದಿಲ್ಲ. ರಕ್ತದೊತ್ತಡಕ್ಕೆಂದು ಮೂತ್ರ ಹೆಚ್ಚಿಸುವ ಮಾತ್ರೆಯನ್ನೂ, ಅದರ ಜೊತೆಗೆ ಎನಾಲಪ್ರಿಲ್, ಟೆಲ್ಮಿಸಾರ್ಟನ್ ಮುಂತಾದ ಜಾತಿಯದನ್ನೂ ತೆಗೆದುಕೊಳ್ಳುವ ಹಿರಿಯರು ನಮ್ಮ ಮನೆಗಳಲ್ಲಿ ಎಷ್ಟೋ ಮಂದಿ. ಮೊಣಕಾಲು ನೋವಿಗೆಂದು ಮೂರನೆಯದಾಗಿ ಐಬುಪ್ರೊಫೆನ್ ಸೇರಿ, ಆ ಮೇಲೆ ಎರಡು ದಿನ ವಾಂತಿಭೇದಿಯೂ ಆಯಿತೆಂದರೆ ಮೂತ್ರಪಿಂಡಗಳು ಇದ್ದಕ್ಕಿದ್ದಂತೆ ಕೆಲಸ ನಿಲ್ಲಿಸಬಹುದು. ಒಂದೇ ಕೀಲಿನ ನೋವಾದರೆ, ಮೇಲೆ ಹಚ್ಚುವ ಮುಲಾಮಿನಿಂದ ರಕ್ತಕ್ಕೆ ಸೇರುವ ಔಷಧ ಬಹಳ ಕಡಿಮೆ. ಅಜ್ಜಿಯ ಮೊಣಕಾಲಿಗೆ ಮೊದಲು ಅದನ್ನು ನೋಡುವುದೇ ಲೇಸೆಂದು ನನಗೆ ತೋರುತ್ತದೆ.

ಇನ್ನು ಪ್ರಮಾಣದ ಮಾತು. 1983ರಲ್ಲಿ ಬ್ರಿಟನ್ನಿನವರೂ, 1984ರಲ್ಲಿ ಅಮೆರಿಕದವರೂ ಐಬುಪ್ರೊಫೆನ್ನನ್ನು ವೈದ್ಯರ ಚೀಟಿಯಿಲ್ಲದೆ ಮಾರಲು ಒಪ್ಪಿದರು. ಆದರೆ ಒಪ್ಪಿದ್ದು ಒಂದು ಕರಾರಿನ ಮೇಲೆ: ಮಾತ್ರೆ 200 ಮಿಲಿಗ್ರಾಮಿನದು, ಬೆಳೆದವರು ತಾವಾಗಿಯೇ ತೆಗೆದುಕೊಳ್ಳುವುದು ದಿನಕ್ಕೆ 1200 ಮಿಲಿಗ್ರಾಂ ಮೀರಬಾರದು. ಈ ಔಷಧ ನಿರಪಾಯವೆಂಬ ಕೀರ್ತಿ ಗಳಿಸಿದ್ದು ಆ ಮಿತಿಯೊಳಗೆ. ನಮ್ಮಲ್ಲಿ ಸಾಮಾನ್ಯವಾಗಿ ಸಿಗುವುದು 400ರ ಮಾತ್ರೆ. ಎಂದರೆ ಮೂರಕ್ಕೆ ಮಿತಿ ಮುಗಿಯಿತು. ಒಂದಕ್ಕೂ ಇನ್ನೊಂದಕ್ಕೂ ನಡುವೆ ಆರು ಗಂಟೆಯಾದರೂ ಬಿಡುವುದು ಕ್ಷೇಮ. ನೋವಿಗೆ ಹತ್ತು ದಿನ, ಜ್ವರಕ್ಕೆ ಮೂರು ದಿನ ಕಳೆದೂ ಬೇಕೆನಿಸಿದರೆ, ವೈದ್ಯರು ನೋಡಬೇಕಾದ ಕಾಯಿಲೆಯೇ ಬೇರೆ ಇದೆಯೆಂದು ಅರ್ಥ. ಐಬುಪ್ರೊಫೆನ್ ಮತ್ತು ಪ್ಯಾರಾಸಿಟಮಾಲ್ ಎರಡನ್ನೂ ಬೆರೆಸಿದ ಮಾತ್ರೆಗಳೂ ನಮ್ಮಲ್ಲಿ ಧಾರಾಳ. ಬೆಳಗ್ಗೆ ಒಂದು ಹೆಸರಿನದನ್ನು, ಮಧ್ಯಾಹ್ನ ಇನ್ನೊಂದು ಹೆಸರಿನದನ್ನು ನುಂಗಿ, ಒಂದೇ ಔಷಧವನ್ನು ಇಮ್ಮಡಿಯಾಗಿ ತೆಗೆದುಕೊಂಡದ್ದು ತಿಳಿಯದೇ ಹೋಗುತ್ತದೆ. ಡೈಕ್ಲೊಫೆನಾಕ್, ನೆಪ್ರಾಕ್ಸೆನ್, ಅಸಿಕ್ಲೊಫೆನಾಕ್ ಇವೂ ಇದೇ ಕುಲದವು. ಇದರ ಜೊತೆಗೆ ಅವು ಕೂಡದು.

ಹೃದಯದ ಪ್ರಶ್ನೆ ಎದ್ದದ್ದು ತಡವಾಗಿ. ಹೊಟ್ಟೆಗೆ ತೊಂದರೆ ಕೊಡಬಾರದೆಂದೇ ಹೊಸದಾಗಿ ರೂಪಿಸಿದ ರೊಫೆಕಾಕ್ಸಿಬ್ ಎಂಬ ಔಷಧವನ್ನು, ಅದರಿಂದ ಹೃದಯಾಘಾತಗಳು ಹೆಚ್ಚಿದುವೆಂದು ತಿಳಿದು 2004ರಲ್ಲಿ ಮಾರುಕಟ್ಟೆಯಿಂದ ತೆಗೆದರು. ಆಗ ಇಡೀ ಕುಲದ ಮೇಲೆಯೇ ಕಣ್ಣು ಬಿತ್ತು. 2015ರಲ್ಲಿ ಯೂರೋಪಿನ ಔಷಧ ಸಂಸ್ಥೆಯವರು ಪರಿಶೀಲಿಸಿ, ಐಬುಪ್ರೊಫೆನ್ ದಿನಕ್ಕೆ 2400 ಮಿಲಿಗ್ರಾಂ ಅಥವಾ ಮೇಲ್ಪಟ್ಟಾದಾಗ ಹೃದಯಾಘಾತ, ಪಾರ್ಶ್ವವಾಯುಗಳ ಅಪಾಯ ಸ್ವಲ್ಪ ಹೆಚ್ಚುತ್ತದೆ, 1200ರವರೆಗೆ ಹಾಗೆ ಕಂಡುಬಂದಿಲ್ಲ ಎಂದರು. ಹೃದ್ರೋಗಿಗಳಿಗೆ ಇನ್ನೊಂದು ತೊಡಕುಂಟು. ರಕ್ತ ಹೆಪ್ಪುಗಟ್ಟದಿರಲೆಂದು ಅವರು ದಿನವೂ ತೆಗೆದುಕೊಳ್ಳುವ ಸಣ್ಣ ಆಸ್ಪಿರಿನ್ ಹೋಗಿ ಕೂಡಬೇಕಾದ ಜಾಗದಲ್ಲಿ ಐಬುಪ್ರೊಫೆನ್ ಮೊದಲೇ ಕುಳಿತುಬಿಟ್ಟರೆ, ಆಸ್ಪಿರಿನ್ ಬಂದ ದಾರಿಗೆ ಸುಂಕವಿಲ್ಲದೆ ಹೋಗುತ್ತದೆ. ಅಂಥವರು ಎರಡನ್ನೂ ಹೇಗೆ ಹೊಂದಿಸಬೇಕೆಂದು ತಮ್ಮ ವೈದ್ಯರನ್ನೇ ಕೇಳಬೇಕು.

ಗರ್ಭಿಣಿಯರು ತಾವಾಗಿ ಇದನ್ನು ತೆಗೆದುಕೊಳ್ಳಬಾರದು. ಇಪ್ಪತ್ತನೆಯ ವಾರದ ಮೇಲಂತೂ ಮಗುವಿನ ಮೂತ್ರಪಿಂಡಕ್ಕೆ ಹಾನಿಯಾಗುವ ಭಯವಿದೆ. ಉಬ್ಬಸದವರಲ್ಲಿ ಕೆಲವರಿಗೆ ಈ ಮಾತ್ರೆಯಿಂದ ಉಸಿರು ಕಟ್ಟುವುದುಂಟು. ಮಕ್ಕಳಿಗೆ ಕೊಡುವ ಪ್ರಮಾಣವನ್ನು ತೂಕದ ಮೇಲೆ ವೈದ್ಯರೇ ಗೊತ್ತುಮಾಡಬೇಕು, ದೊಡ್ಡವರ ಮಾತ್ರೆಯನ್ನು ಮುರಿದು ಕೊಡುವ ರೂಢಿ ಸಲ್ಲದು. ಸೀತಾಳ ಸಿಡುಬಿನಲ್ಲಿ ಕೊಡಲೇಬಾರದು.

ಕಡೆಯದಾಗಿ ನಮ್ಮ ಮಳೆಗಾಲದ ಜ್ವರಗಳ ಮಾತು. ಡೆಂಗೆ ಜ್ವರದಲ್ಲಿ ಮೈಕೈ, ಕಣ್ಣಿನ ಹಿಂಬದಿ ಎಲ್ಲ ಮುರಿದಂತೆ ನೋಯುವುದರಿಂದ, ಡಬ್ಬಿಯಲ್ಲಿರುವ ನೋವಿನ ಮಾತ್ರೆಗೆ ಕೈ ಹೋಗುವುದು ಸಹಜ. ಆದರೆ ಆ ಜ್ವರದಲ್ಲಿ ರಕ್ತ ಹೆಪ್ಪುಗಟ್ಟಿಸುವ ಕಿರುತಟ್ಟೆಗಳು ಮೊದಲೇ ಕಡಿಮೆಯಾಗಿರುತ್ತವೆ. ಐಬುಪ್ರೊಫೆನ್ನೂ ಆಸ್ಪಿರಿನ್ನೂ ಉಳಿದವುಗಳ ಕೆಲಸವನ್ನು ಕುಂದಿಸಿ, ಜಠರವನ್ನೂ ಕೆರಳಿಸಿ, ರಕ್ತಸ್ರಾವಕ್ಕೆ ದಾರಿ ಮಾಡಿಕೊಡುತ್ತವೆ. ಜ್ವರ ಯಾವುದೆಂದು ರಕ್ತಪರೀಕ್ಷೆಯಿಂದ ಗೊತ್ತಾಗುವ ತನಕ ಪ್ಯಾರಾಸಿಟಮಾಲ್ ಒಂದನ್ನೇ ಹೇಳಿದ ಪ್ರಮಾಣದಲ್ಲಿ ಕೊಟ್ಟು, ನೀರು, ಗಂಜಿ, ಎಳನೀರು ಧಾರಾಳವಾಗಿ ಕುಡಿಸುತ್ತಿರಬೇಕು.