ಗೋಡೆಯೊಳಗಿನ ಕೊಳವೆ: ಹಳೆಯ ದಾರಿ, ಹೊಸ ತಂತಿ

‘ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು’ ಎಂದರು ಹಿರಿಯರು. ಕಟ್ಟಿ ಮುಗಿಸಿದ ಮನೆಯ ಗೋಡೆಯನ್ನು ಒಂದು ತಂತಿಗಾಗಿ ಮತ್ತೆ ಕೊರೆಸುವವರ ಪಾಡು ಆ ಗಾದೆಯಲ್ಲಿ ಸೇರಿಲ್ಲ. 2020ರ ಮಾರ್ಚ್‌ನಲ್ಲಿ ಲಾಕ್‌ಡೌನ್ ಜಾರಿಯಾಗಿ ಕಚೇರಿ, ಶಾಲೆ ಎರಡೂ ಮನೆಯೊಳಕ್ಕೆ ಬಂದಾಗ ಅನೇಕ ಕುಟುಂಬಗಳಿಗೆ ಈ ಪಾಡಿನ ಪರಿಚಯವಾಯಿತು. ಹಾಲ್‌ನಲ್ಲಿರುವ ವೈ-ಫೈ ಪೆಟ್ಟಿಗೆಯ ಸಂಕೇತ ಎರಡು ಗೋಡೆ, ಒಂದು ಕಾಂಕ್ರೀಟ್ ತಾರಸಿ ದಾಟುವಷ್ಟರಲ್ಲಿ ಸೊರಗುತ್ತದೆ. ಮಹಡಿಯ ಕೋಣೆಗೆ ನೇರವಾಗಿ ಕೇಬಲ್ ಎಳೆದರೆ ತೊಂದರೆ ತೀರುತ್ತದೆ. ಆದರೆ ಎಳೆಯುವುದು ಎಲ್ಲಿಂದ?

ಉತ್ತರ ಅನೇಕ ಮನೆಗಳ ಗೋಡೆಯಲ್ಲೇ ಅಡಗಿದೆ. ಫೋನಿಗಾಗಿ, ಟಿ.ವಿ.ಗಾಗಿ ಎಂದೋ ಹೂತಿಟ್ಟ ಪ್ಲಾಸ್ಟಿಕ್ ಕೊಳವೆ ಅದು. ಎಲೆಕ್ಟ್ರಿಷಿಯನ್‌ಗಳ ಬಾಯಲ್ಲಿ ‘ಪೈಪು’, ಅಂಗಡಿಯ ರಸೀದಿಯಲ್ಲಿ ‘ಕಂಡ್ಯೂಟ್’. ಯಾರ ಕಣ್ಣಿಗೂ ಬೀಳದ ಈ ಕೊಳವೆಯ ಹಿಂದೆ ಸುಮಾರು 140 ವರ್ಷಗಳ ಇತಿಹಾಸವಿದೆ.

ಎಡಿಸನ್ನನ ಬೀದಿಗಳು

1882ರ ಸೆಪ್ಟೆಂಬರ್ 4ರಂದು ಥಾಮಸ್ ಆಲ್ವಾ ಎಡಿಸನ್ ನ್ಯೂಯಾರ್ಕ್ ನಗರದ ಪರ್ಲ್ ಸ್ಟ್ರೀಟ್‌ನಲ್ಲಿ ತನ್ನ ವಿದ್ಯುತ್ ಕೇಂದ್ರವನ್ನು ಆರಂಭಿಸಿದ. ಕಂಬಗಳ ಮೇಲೆ ತಂತಿ ಹಾಯಿಸುವುದು ಅವನಿಗೆ ಒಪ್ಪಿಗೆಯಿರಲಿಲ್ಲ. ತಾಮ್ರದ ಸರಳುಗಳನ್ನು ಕಬ್ಬಿಣದ ಕೊಳವೆಯಲ್ಲಿಟ್ಟು, ಉಳಿದ ಜಾಗಕ್ಕೆ ವಿದ್ಯುತ್ ನಿರೋಧಕ ದ್ರಾವಣ ತುಂಬಿಸಿ, ಬೀದಿಯ ಕೆಳಗೆ ಹೂಳಿಸಿದ. ದೀಪಗಳು ಬೆಳಗಿದವು. ಆದರೆ ಈ ವ್ಯವಸ್ಥೆಯಲ್ಲಿ ಒಂದು ಕೊರತೆಯಿತ್ತು. ಕೊಳವೆ ಬೇರೆ, ತಂತಿ ಬೇರೆ ಎಂಬುದೇ ಅಲ್ಲಿರಲಿಲ್ಲ. ಒಂದು ಸರಳು ಕೆಟ್ಟರೆ ಅದನ್ನಷ್ಟೇ ಹೊರಗೆಳೆಯುವಂತಿರಲಿಲ್ಲ, ಬೀದಿಯನ್ನೇ ಅಗೆಯಬೇಕಿತ್ತು.

ಇದಕ್ಕೆ ಪ್ರತಿಯಾಗಿ ಬೆಳೆದದ್ದು ‘ಎಳೆದು ಸೇರಿಸುವ’ ಪದ್ಧತಿ. ಮೊದಲು ಖಾಲಿ ಕೊಳವೆಯನ್ನು ಹೂಳುವುದು, ಬಳಿಕ ಅದರೊಳಗೆ ತಂತಿ ಎಳೆಯುವುದು, ಕೆಟ್ಟಾಗ ಹಳೆಯದನ್ನು ತೆಗೆದು ಹೊಸದನ್ನು ಹಾಕುವುದು. ತಂತಿಯ ಆಯುಷ್ಯಕ್ಕಿಂತ ದಾರಿಯ ಆಯುಷ್ಯ ದೊಡ್ಡದು ಎಂಬ ಸರಳ ತಿಳಿವಳಿಕೆ ಇದರ ಬುಡದಲ್ಲಿದೆ.

ಮನೆಗಳ ಒಳಗೂ ಇದೇ ಕಥೆ. ಆರಂಭದಲ್ಲಿ ತಂತಿಗಳನ್ನು ಗೋಡೆಗೆ, ಮರಕ್ಕೆ ಹೊಡೆದು ಬಿಡುತ್ತಿದ್ದರು. ಹೊದಿಕೆ ಸವೆದು ಬೆಂಕಿ ಹೊತ್ತಿಕೊಂಡ ಘಟನೆಗಳು ನಡೆದವು. ಗ್ಯಾಸ್ ದೀಪಗಳಿದ್ದ ಮನೆಗಳಲ್ಲಿ ಬಳಕೆ ತಪ್ಪಿದ ಗ್ಯಾಸ್ ಕೊಳವೆಗಳೊಳಗೇ ವಿದ್ಯುತ್ ತಂತಿ ತೂರಿಸಿದ್ದೂ ಉಂಟು. ಇರುವ ಕೊಳವೆಯಲ್ಲಿ ಹೊಸ ತಂತಿ ಎಳೆಯುವ ಉಪಾಯ ಹಾಗೆ ನೋಡಿದರೆ ಹಳೆಯದೇ. 1890ರ ಸುಮಾರಿಗೆ ಎಡಿಸನ್ನನ ಸಹವರ್ತಿ ಎಡ್ವರ್ಡ್ ಜಾನ್ಸನ್‌ನ ಕಂಪೆನಿ ಇದಕ್ಕೆಂದೇ ಕಾಗದದ ಕೊಳವೆಗಳನ್ನು ಮಾರುಕಟ್ಟೆಗೆ ತಂದಿತು. ಮುಂದೆ ಕಬ್ಬಿಣ, ಆಮೇಲೆ ಪಿ.ವಿ.ಸಿ. ಬಂದವು.

ಕರ್ನಾಟಕದಲ್ಲಿ ಶಿವನಸಮುದ್ರದ ವಿದ್ಯುತ್ 1902ರಲ್ಲಿ ಕೋಲಾರದ ಚಿನ್ನದ ಗಣಿಗಳನ್ನು ತಲುಪಿತು. 1905ರ ಆಗಸ್ಟ್ 5ರಂದು ಬೆಂಗಳೂರಿನ ಬೀದಿಗಳಲ್ಲಿ ದೀಪ ಬೆಳಗಿತು. ಮನೆಗಳ ಒಳಗೆ ಮಾತ್ರ ಬಹುಕಾಲ ಮರದ ಪಟ್ಟಿಯದೇ ರಾಜ್ಯಭಾರ. ಪಟ್ಟಿಯ ಮೇಲೆ ತಗಡಿನ ಕ್ಲಿಪ್ಪು, ಕ್ಲಿಪ್ಪಿನೊಳಗೆ ತಂತಿ, ಎಲ್ಲವೂ ಕಣ್ಣಿಗೆ ಕಾಣುವಂತೆ. ತಾರಸಿಗೆ ಕಾಂಕ್ರೀಟ್ ಹಾಕುವ ಮೊದಲೇ ಪೈಪು ಜೋಡಿಸುವ ರೂಢಿ ಬಂದ ಮೇಲೆ ತಂತಿಗಳು ಕಣ್ಮರೆಯಾದವು.

ಹೆಣೆದ ಜೋಡಿತಂತಿ

ಕಂಪ್ಯೂಟರುಗಳನ್ನು ಜೋಡಿಸುವ ಕೇಬಲ್‌ನ ಮೂಲ ಇರುವುದು ಟೆಲಿಫೋನಿನಲ್ಲಿ. ಪಕ್ಕದಲ್ಲಿ ವಿದ್ಯುತ್ ತಂತಿ ಹಾದುಹೋದರೆ ಫೋನಿನಲ್ಲಿ ಗೊರಗೊರ ಸದ್ದು ಕೇಳಿಸುತ್ತಿತ್ತು. ಎರಡು ತಂತಿಗಳನ್ನು ಜಡೆಯಂತೆ ಒಂದಕ್ಕೊಂದು ಸುತ್ತಿದರೆ ಹೊರಗಿನ ಸದ್ದು ಎರಡರಲ್ಲೂ ಸಮನಾಗಿ ಸೇರಿ, ಕೊನೆಯಲ್ಲಿ ಒಂದನ್ನೊಂದು ವಜಾ ಮಾಡುತ್ತದೆ. ಅಲೆಗ್ಸಾಂಡರ್ ಗ್ರಹಾಂ ಬೆಲ್ 1881ರಲ್ಲೇ ಇದಕ್ಕೆ ಪೇಟೆಂಟ್ ಪಡೆದಿದ್ದ.

1973ರಲ್ಲಿ ಅಮೆರಿಕದ ಜೆರಾಕ್ಸ್ ಕಂಪೆನಿಯ ಸಂಶೋಧನಾ ಕೇಂದ್ರದಲ್ಲಿ ರಾಬರ್ಟ್ ಮೆಟ್ಕಾಫ್ ಮತ್ತು ಡೇವಿಡ್ ಬಾಗ್ಸ್ ‘ಈಥರ್‌ನೆಟ್’ ರೂಪಿಸಲು ತೊಡಗಿದಾಗ ಬಳಸಿದ್ದು ಬೇರೆಯದೇ ಬಗೆಯ, ಟಿ.ವಿ. ಕೇಬಲ್ ಜಾತಿಯ ತಂತಿ. ಮುಂದೆ ಕಚೇರಿಗಳಿಗೆ ಬಂದ ಅದರ ದಪ್ಪ ಅವತಾರ ಬೆರಳು ಗಾತ್ರದ್ದು. ಅದನ್ನು ಬಗ್ಗಿಸುವುದೇ ಹರಸಾಹಸ. ಕಟ್ಟಡಗಳಲ್ಲಾಗಲೇ ಫೋನಿನ ಕೊಳವೆಗಳಿದ್ದವು, ಅವುಗಳಲ್ಲಿ ಹೆಣೆದ ಜೋಡಿತಂತಿಗಳಿದ್ದವು. 1980ರ ದಶಕದ ಎಂಜಿನಿಯರುಗಳು ಕಂಪ್ಯೂಟರಿನ ಮಾಹಿತಿಯನ್ನೂ ಆ ಬಗೆಯ ತಂತಿಯಲ್ಲೇ ಹರಿಸಲು ಕಲಿತರು. ಸೆಕೆಂಡಿಗೆ ಒಂದು ಕೋಟಿ ಬಿಟ್‌ಗಳನ್ನು 100 ಮೀಟರ್ ದೂರ ಒಯ್ಯುವ ಮಾನದಂಡ 1990ರಲ್ಲಿ ಸಿದ್ಧವಾಯಿತು. 1999ರಲ್ಲಿ ಆ ವೇಗ ನೂರು ಪಟ್ಟಾಯಿತು. ಈಥರ್‌ನೆಟ್ ಜಗತ್ತಿನಾದ್ಯಂತ ಹರಡಲು ಅದು ಹಳೆಯ ದಾರಿಗೆ ಹೊಂದಿಕೊಂಡದ್ದೂ ಒಂದು ಮುಖ್ಯ ಕಾರಣ.

ಭಾರತದಲ್ಲಿ ಸಾರ್ವಜನಿಕರಿಗೆ ಇಂಟರ್‌ನೆಟ್ ದೊರೆತದ್ದು 1995ರ ಆಗಸ್ಟ್ 15ರಂದು. ಅದು ಮನೆಗೆ ಬಂದದ್ದೂ ಫೋನ್ ತಂತಿಯ ಮೂಲಕವೇ. ಆಮೇಲೆ ಮೊಬೈಲ್ ಬಂತು, ಸ್ಥಿರ ದೂರವಾಣಿ ಮೂಲೆ ಸೇರಿತು. ಗೋಡೆಯೊಳಗಿನ ಅದರ ಪೈಪು ಮಾತ್ರ ಅಲ್ಲೇ ಉಳಿಯಿತು.

ಎಳೆಯುವ ಕಸುಬು

ಆ ಪೈಪಿನಲ್ಲಿ ಹಳೆಯ ಫೋನ್ ತಂತಿ ಇನ್ನೂ ಇದ್ದರೆ ಅದೃಷ್ಟವೆನ್ನಬೇಕು. ಅದರ ತುದಿಗೆ ಹೊಸ ಕೇಬಲ್ಲನ್ನು ಬಿಗಿಯಾಗಿ ಕಟ್ಟಿ ಆ ಕಡೆಯಿಂದ ಎಳೆದರೆ, ಹಳೆಯದು ಹೊರಬರುತ್ತಾ ಹೊಸದನ್ನು ಒಳಗೆ ಕರೆತರುತ್ತದೆ. ತಂತಿ ಇಲ್ಲದಿದ್ದರೆ ಬಾಗುವ ಉಕ್ಕಿನ ಅಥವಾ ನೈಲಾನ್ ಎಳೆಯನ್ನು ಮೊದಲು ತೂರಿಸಬೇಕು. ಒಬ್ಬರು ಎಳೆಯುವಾಗ ಇನ್ನೊಬ್ಬರು ಈ ಬದಿಯಿಂದ ಕೇಬಲ್ ಉಣಿಸುತ್ತಿರಬೇಕು. ಸುಮಾರು 11 ಕಿಲೋಗ್ರಾಂ ಭಾರಕ್ಕಿಂತ ಹೆಚ್ಚು ಬಲ ಹಾಕಿದರೆ ಒಳಗಿನ ಹೆಣಿಗೆ ಹಿಗ್ಗಿ ವೇಗ ಕುಸಿಯಬಹುದು. ತುದಿಯ ಪ್ಲಗ್ಗನ್ನು ಎಳೆದಾದ ಮೇಲೆಯೇ ಜೋಡಿಸುವುದು ವಾಡಿಕೆ, ಏಕೆಂದರೆ ಅದು ತಿರುವುಗಳಲ್ಲಿ ಸಿಕ್ಕಿಕೊಳ್ಳುತ್ತದೆ.

‘ಹಾಸಿಗೆ ಇದ್ದಷ್ಟು ಕಾಲು ಚಾಚು’ ಎಂಬುದು ಇಲ್ಲಿಗೂ ಸಲ್ಲುತ್ತದೆ. ಹಲವು ಕೇಬಲ್‌ಗಳಿದ್ದಾಗ ಪೈಪಿನ ಒಳಜಾಗದ ಶೇ 40ಕ್ಕಿಂತ ಹೆಚ್ಚು ತುಂಬಬಾರದೆಂಬುದು ಅಮೆರಿಕದ ವಿದ್ಯುತ್ ಸಂಹಿತೆಯ ನಿಯಮ. ಎರಡು ಪೆಟ್ಟಿಗೆಗಳ ನಡುವೆ ನಾಲ್ಕಕ್ಕಿಂತ ಹೆಚ್ಚು ಕಾಲುವೃತ್ತದ ತಿರುವುಗಳು ಇರಬಾರದೆಂದೂ ಅದು ಹೇಳುತ್ತದೆ.

ಇವೆಲ್ಲಕ್ಕಿಂತ ಮುಖ್ಯವಾದ ಎಚ್ಚರಿಕೆ ಇನ್ನೊಂದಿದೆ. ಜಾಗವಿದೆಯೆಂದು ವಿದ್ಯುತ್ ತಂತಿಯ ಪೈಪಿಗೇ ನೆಟ್‌ವರ್ಕ್ ಕೇಬಲ್ ತೂರಿಸುವುದು ಅಪಾಯಕಾರಿ. ಅಲ್ಲಿ ಹರಿಯುವುದು 230 ವೋಲ್ಟ್. ಎಳೆಯುವ ಭರದಲ್ಲಿ ಹೊದಿಕೆ ತರಚಿದರೆ ಆ ವಿದ್ಯುತ್ತು ಕೇಬಲ್ ಹಿಡಿದು ಕಂಪ್ಯೂಟರಿಗೆ, ಅದನ್ನು ಮುಟ್ಟಿದ ಕೈಗೆ ಬರಬಹುದು. ಫೋನಿಗೂ ಟಿ.ವಿ.ಗೂ ಪ್ರತ್ಯೇಕ ಪೈಪು ಹಾಕುವ ರೂಢಿಯ ಹಿಂದೆ ಇಂಥ ಅನುಭವವಿದೆ.

ಈಗ ಮನೆ ಬಾಗಿಲಿಗೆ ಗಾಜಿನ ಎಳೆಯ ಫೈಬರ್ ಬಂದಿದೆ. ಮುಂದೆ ಏನು ಬರುವುದೋ ಹೇಳಬರುವುದಿಲ್ಲ. ಕೇಬಲ್ಲನ್ನು ನೇರವಾಗಿ ಗಾರೆಯಲ್ಲಿ ಹೂತವರು ಎಡಿಸನ್ನನ ಬೀದಿಯಂತೆ ಮತ್ತೆ ಅಗೆಯಬೇಕಾಗುತ್ತದೆ. ಮನೆ ಕಟ್ಟುವಾಗಲೇ ಪ್ರತಿ ಕೋಣೆಗೆ ಒಂದು ಹೆಚ್ಚಿನ ಪೈಪು ಹಾಕಿಸಿ, ಅದರೊಳಗೆ ಒಂದು ನೈಲಾನ್ ದಾರ ಬಿಟ್ಟವರಿಗೆ ಆ ಚಿಂತೆಯಿಲ್ಲ. ಗೋಡೆ ಒಡೆಸುವ ಖರ್ಚಿನ ಮುಂದೆ ಆ ಪೈಪಿನ ಬೆಲೆ ಏನೇನೂ ಅಲ್ಲ.